ಆಟದ ಮಧ್ಯೆ ಎದೆ ಧಸಕ್ಕೆಂದ ಗಳಿಗೆ: ನಿಮಗೂ ಆಗಿದ್ದರೆ ಬರೆಯಿರಿ

ಭಾನುವಾರದ ಆಟಗಾರ
(ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ, ಆಗುತ್ತಿರಲಿಲ್ಲ. ಇವತ್ತು ಬರೆದೇ ಬಿಡುತ್ತೇನೆ.

ನಾವು ಹನ್ನೆರಡು ಹದಿಮೂರು ಜನ ಗೆಳೆಯರು. ಬೆಂಗಳೂರಿನ ಒಂದು ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಆರೂವರೆಗೆ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತೇವೆ. ಎಂಟು ವರ್ಷದಿಂದ ತಪ್ಪಿಲ್ಲ. ಎಲ್ಲರಿಗೂ ಮೂವತ್ತೈದು ದಾಟಿದೆ. ಆಟ ಮುಗಿದ ಮೇಲೆ ಇಡ್ಲಿ, ವಡೆ, ಕಾಫಿ. ಆಮೇಲೆ ಮನೆ.

ಆ ದಿನ ಒಬ್ಬ ಗೆಳೆಯ ರನ್ನರ್ ಸೈಡಿನಲ್ಲಿದ್ದ. ಎರಡು ರನ್ ಓಡಿದ. ಮೂರನೆಯದು ಬೇಡ ಎಂದು ಕೈ ಮಾಡಿದ. ಬ್ಯಾಟ್ ಊರಿಕೊಂಡು ನಿಂತ. ಒಂದೆರಡು ಸೆಕೆಂಡ್ ಅಷ್ಟೇ. ಮುಖ ಕೆಳಗಾಗಿ ಬಿದ್ದ. ಎಡವಿ ಬೀಳುವವರು ಕೈ ಮುಂದೆ ಚಾಚುತ್ತಾರೆ, ಅಲ್ವಾ? ಇವನು ಕೈಯೇ ಊರಲಿಲ್ಲ. ಕಡಿದ ಬಾಳೆಗಿಡ ಬಿದ್ದ ಹಾಗೆ ಬಿದ್ದ. ಅದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಓಡಿ ಹೋಗಿ ನೋಡಿದರೆ ಕೈಕಾಲು ಅದುರುತ್ತಿತ್ತು. ಯಾರೋ "ಫಿಟ್ಸ್ ಕಣ್ರೋ" ಎಂದರು. ಒಬ್ಬ ಬೈಕಿನ ಕೀ ತಂದು ಅವನ ಮುಷ್ಟಿಗೆ ತುರುಕಿದ. ನಾನು ನೀರಿನ ಬಾಟಲಿ ತೆರೆದು ಬಾಯಿಗೆ ಹಿಡಿಯಲು ಹೋದೆ. ಗಂಟಲಿನಿಂದ ಗೊರಕೆ ತರಹ ಸದ್ದು ಬರುತ್ತಿತ್ತು. ಸದ್ಯ, ಉಸಿರಾಡುತ್ತಿದ್ದಾನೆ ಎಂದು ನಾವೆಲ್ಲ ಸಮಾಧಾನ ಪಟ್ಟುಕೊಂಡೆವು.

ಮೈದಾನದ ಸುತ್ತ ವಾಕಿಂಗ್ ಮಾಡುತ್ತಿದ್ದ ಒಬ್ಬ ಹೆಂಗಸು ಓಡಿಬಂದರು. ಐವತ್ತರ ಆಸುಪಾಸು ವಯಸ್ಸು. "ಆ ಕೀ ತೆಗೀರಿ. ನೀರು ಹಾಕಬೇಡಿ. ಅಂಗಾತ ಮಲಗಿಸಿ" ಎಂದು ಗದರಿದರು. ಕುತ್ತಿಗೆ ಮುಟ್ಟಿ ನೋಡಿದರು. ಸೀದಾ ಎದೆ ಒತ್ತಲು ಶುರು ಮಾಡಿದರು. ಒತ್ತುತ್ತಲೇ "ಒಬ್ಬರು 108ಕ್ಕೆ ಫೋನ್ ಮಾಡಿ. ಒಬ್ಬರು ಗೇಟ್ ಹತ್ತಿರ ನಿಲ್ಲಿ. ನೀವು ನನ್ನ ಕೈ ನೋಡ್ತಾ ಇರಿ, ನನಗೆ ಸುಸ್ತಾದ ಕೂಡಲೇ ನೀವು ಒತ್ತಬೇಕು" ಎಂದರು. ಅವರು ನರ್ಸ್ ಎಂದು ಆಮೇಲೆ ಗೊತ್ತಾಯಿತು.

ಆಂಬ್ಯುಲೆನ್ಸ್ ಬರುವ ತನಕ ನಾಲ್ಕು ಜನ ಸರದಿಯ ಮೇಲೆ ಒತ್ತಿದೆವು. ಹನ್ನೊಂದು ನಿಮಿಷ. ನನ್ನ ಕೈಯಡಿಯಲ್ಲಿ ಅವನ ಪಕ್ಕೆಲುಬು ಲಟಕ್ ಅಂದಿತು. ನಾನು ಹೆದರಿ ಕೈ ತೆಗೆದೆ. "ನಿಲ್ಲಿಸಬೇಡಿ" ಎಂದರು ಆ ತಾಯಿ. ಆಂಬ್ಯುಲೆನ್ಸಿನವರು ಎರಡು ಸಲ ಶಾಕ್ ಕೊಟ್ಟರು. ನಾಡಿ ಬಂತು.

ಅವನು ಬದುಕಿದ್ದಾನೆ. ಸ್ಟೆಂಟ್ ಹಾಕಿದ್ದಾರೆ. ಮೊನ್ನೆ ಮನೆಗೆ ಹೋದರೆ ಚಹಾ ಮಾಡಿಕೊಟ್ಟ. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಆ ನೀರಿನ ಬಾಟಲಿಯೇ ಕನಸಿನಲ್ಲಿ ಬರುತ್ತದೆ. ಆಟದ ಮಧ್ಯೆ ಇಂಥದ್ದು ನಿಮಗೆ ಆಗಿದೆಯಾ? ಆಮೇಲೆ ಮತ್ತೆ ಮೈದಾನಕ್ಕೆ ಹೇಗೆ ಹೋದಿರಿ?

ಮೈಸೂರಿನ ಡಾಕ್ಟರಮ್ಮ

ನಾನು ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲು ಒಂದು ಮಾತು. ನಿಮ್ಮ ಗೆಳೆಯ ಬದುಕಿದ್ದಕ್ಕೆ ಆ ನರ್ಸ್ ಎಷ್ಟು ಕಾರಣವೋ ಸರದಿಯಲ್ಲಿ ಒತ್ತಿದ ನೀವೂ ಅಷ್ಟೇ ಕಾರಣ. ದಯವಿಟ್ಟು ಇದನ್ನು ನಂಬಿ.

ನೀವು ಗೊರಕೆ ಅಂದಿರಲ್ಲ, ಅದು ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಅಂಥ ಏದುಸಿರು ಬರುತ್ತದೆ. ಮಿದುಳಿಗೆ ರಕ್ತ ಹೋಗದೆ ಇದ್ದಾಗ ಕೈಕಾಲು ಅದುರುವುದೂ ಉಂಟು. ಜನ ಅದನ್ನು ಫಿಟ್ಸ್ ಅಂದುಕೊಳ್ಳುತ್ತಾರೆ. ಕೈಗೆ ಕಬ್ಬಿಣ ಕೊಡುವುದರಲ್ಲೇ ಎರಡು ಮೂರು ನಿಮಿಷ ಹೋಗಿಬಿಡುತ್ತದೆ. ನಿಜವಾದ ಫಿಟ್ಸ್ ಆದರೂ ಕಬ್ಬಿಣದಿಂದ ಏನೂ ಆಗುವುದಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು.

ಹೃದಯ ನಿಂತಾಗ ಯಾರೂ ಏನೂ ಮಾಡದೆ ಇದ್ದರೆ, ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹತ್ತು ನಿಮಿಷ ಅಂದರೆ ಲೆಕ್ಕ ಹಾಕಿ. ಕೂಗಿದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಯೋಚನೆ ಬೇಡ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, 5ರಿಂದ 6 ಸೆಂಟಿಮೀಟರ್ ಒಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪಕ್ಕೆಲುಬು ಮುರಿದರೆ ಮುರಿಯಲಿ. ಅದು ಕೂಡುತ್ತದೆ.

ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ನೆನಪಿದೆಯಾ? 2021ರ ಜೂನ್ 12, ಕೋಪನ್‌ಹೇಗನ್, ಫಿನ್ಲೆಂಡ್ ಜೊತೆ ಪಂದ್ಯ. ಮೊದಲರ್ಧ ಮುಗಿಯಲು ಬಂದಿತ್ತು. ಥ್ರೋ ಮಾಡಿದ ಚೆಂಡು ಅವರ ಕಡೆಗೆ ಬಂತು, ಅವರು ಸುಮ್ನೆ ಕುಸಿದರು. ಯಾರೂ ಡಿಕ್ಕಿ ಹೊಡೆದಿರಲಿಲ್ಲ. ನಾಯಕ ಸಿಮೋನ್ ಕೇರ್ ಓಡಿ ಬಂದರು. ಕೂಡಲೇ ವೈದ್ಯರು ಎದೆ ಒತ್ತಿದರು, ಒಂದೇ ಶಾಕಿಗೆ ಹೃದಯ ಮತ್ತೆ ಹೊಡೆದುಕೊಂಡಿತು. ಕ್ಯಾಮೆರಾಗಳಿಗೆ ಕಾಣಬಾರದು ಎಂದು ಆಟಗಾರರೆಲ್ಲ ಸುತ್ತ ಗೋಡೆ ಕಟ್ಟಿ ನಿಂತರು. ಎಷ್ಟೋ ಜನರ ಕಣ್ಣಲ್ಲಿ ನೀರು. ಎರಿಕ್ಸನ್ ಎದೆಯೊಳಗೆ ಪುಟ್ಟ ಶಾಕ್ ಯಂತ್ರ ಹಾಕಿಸಿಕೊಂಡು 2022ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಆಡಲು ಇಳಿದರು. ನನ್ನ ಕ್ಲಾಸಿನಲ್ಲಿ ಮಕ್ಕಳಿಗೆ ಆ ವಿಡಿಯೋ ತೋರಿಸುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಹಾಸನದ ಹೈದ

ನಮ್ಮದು ಹೆಜ್ಜೇನಿನ ಕಥೆ ಅಣ್ಣ.

ನಮ್ಮೂರ ಮೈದಾನದ ಪಕ್ಕ ದೊಡ್ಡ ಅರಳಿಮರ. ಮೇಲಿನ ಕೊಂಬೆಗೆ ಮೂರು ಹೆಜ್ಜೇನು ತಟ್ಟಿ. ವರ್ಷಾ ವರ್ಷ ಕಟ್ಟುತ್ತಿದ್ದವು, ನಾವೂ ಆಡುತ್ತಿದ್ದೆವು, ಯಾರಿಗೂ ಏನೂ ಆಗಿರಲಿಲ್ಲ. ಊರ ಹಬ್ಬದ ಟೂರ್ನಮೆಂಟ್. ಪಕ್ಕದೂರಿನವನು ಲೆಗ್ ಸೈಡಿಗೆ ಎತ್ತಿ ಬಾರಿಸಿದ. ಎಲ್ಲರೂ "ಸಿಕ್ಸ್" ಎಂದು ಕೂಗಿದೆವು. ಬಾಲು ಮರದೊಳಗೆ ಹೋಯಿತು. ಕೆಳಗೆ ಬೀಳಲೇ ಇಲ್ಲ. ಒಂದು ಗಳಿಗೆ ಪೂರ್ತಿ ನಿಶ್ಶಬ್ದ. ಆಮೇಲೆ ಮೋಟಾರ್ ಶುರುವಾದ ಹಾಗೆ ಸದ್ದು.

ಓಡಿದವರು ಓಡಿದರು. ಸ್ಕೋರ್ ಬರೆಯುತ್ತಿದ್ದ ಹುಡುಗ ಮೇಜಿನ ಕೆಳಗೆ ತೂರಿಕೊಂಡ. ಅದೇ ತಪ್ಪಾಯಿತು. ಅಲ್ಲೇ ಮುತ್ತಿಕೊಂಡವು. ನಮ್ಮ ದೊಡ್ಡಪ್ಪ ಕಂಬಳಿ ಹೊದ್ದು ಹೋಗಿ ಅವನನ್ನು ಎತ್ತಿಕೊಂಡು ಬಂದರು. ಮುಖ, ತಲೆ, ಕಿವಿ ಎಲ್ಲ ಊದಿ ಗುರುತೇ ಸಿಗುತ್ತಿರಲಿಲ್ಲ. ಸುಣ್ಣ ಹಚ್ಚಿ ಎಂದರು ಕೆಲವರು. ದೊಡ್ಡಪ್ಪ ಕೇಳಲಿಲ್ಲ, ಟೆಂಪೋದಲ್ಲಿ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಓಡಿಸಿದರು. ಹೋದ ಕೂಡಲೇ ಇಂಜೆಕ್ಷನ್ ಕೊಟ್ಟು ಎರಡು ದಿನ ಇಟ್ಟುಕೊಂಡರು. ಈಗ ಅವನು ಅರಣ್ಯ ಇಲಾಖೆಯಲ್ಲಿ ಕೆಲಸದಲ್ಲಿದ್ದಾನೆ.

ದೊಡ್ಡ ಮೈದಾನಗಳಲ್ಲೂ ಇದು ಆಗಿದೆ. 2017ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾ, ಶ್ರೀಲಂಕಾ ಒಂದು ದಿನದ ಪಂದ್ಯ ಜೇನುಹುಳದಿಂದ ನಿಂತಿತ್ತು. ಆಟಗಾರರೆಲ್ಲ ನೆಲಕ್ಕೆ ಒರಗಿದ್ದರು. ಜೇನು ಸಾಕುವವರನ್ನೇ ಕರೆಸಿ ಹಿಡಿಸಿದರು. ಟಿವಿಯಲ್ಲಿ ನೋಡುವವರಿಗೆ ತಮಾಷೆ ಅನಿಸಿತೇನೋ. ನನಗೆ ಮೈ ಬೆವರಿತು.

ಮೈಸೂರಿನ ಡಾಕ್ಟರಮ್ಮ

ನಿಮ್ಮ ದೊಡ್ಡಪ್ಪ ಮಾಡಿದ್ದು ತುಂಬಾ ಸರಿ. ಒಂದು ಹುಳ ಕಚ್ಚಿದ ಜಾಗದಿಂದ ಬರುವ ವಾಸನೆ ಉಳಿದವನ್ನೂ ಕರೆಯುತ್ತದೆ. ಅದಕ್ಕೇ ನಿಂತಲ್ಲಿ ನಿಲ್ಲಬಾರದು. ಮುಖ ಮುಚ್ಚಿಕೊಂಡು ದೂರ ಓಡಿ, ಬಾಗಿಲು ಹಾಕುವ ಜಾಗ ಸಿಕ್ಕರೆ ಒಳಗೆ ಸೇರಿಕೊಳ್ಳಬೇಕು. ಉಸಿರು ಕಟ್ಟುವುದು, ತುಟಿ ಊದುವುದು ಕಂಡರೆ ಮನೆಮದ್ದು ಬೇಡ, ಆಸ್ಪತ್ರೆಯೇ.

ಕಂಠೀರವದ ಹಳೇ ಪ್ರೇಕ್ಷಕ

ಎರಿಕ್ಸನ್ ಹೆಸರು ಬಂದಾಗೆಲ್ಲ ನನಗೆ ಇನ್ನೊಬ್ಬ ನೆನಪಾಗುತ್ತಾನೆ. ನಮ್ಮ ಬೆಂಗಳೂರಿನಲ್ಲೇ ಹೋದವನು. ಅವನ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲ.

2004ರ ಡಿಸೆಂಬರ್ 5. ಕಂಠೀರವದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್. ಗೋವಾದ ಡೆಂಪೊ, ಕೋಲ್ಕತ್ತದ ಮೋಹನ್ ಬಾಗಾನ್. ಡೆಂಪೊ ಪರ ಕ್ರಿಸ್ಟಿಯಾನೊ ಜೂನಿಯರ್ ಎಂಬ ಬ್ರೆಜಿಲ್ ಹುಡುಗ. ಆಗಲೇ ಒಂದು ಗೋಲು ಹೊಡೆದಿದ್ದ. ದ್ವಿತೀಯಾರ್ಧದಲ್ಲಿ ಎರಡನೆಯದಕ್ಕೆ ನುಗ್ಗಿದ. ಗೋಲ್‌ಕೀಪರ್ ಸುಬ್ರತ ಪಾಲ್ ಎದುರಿಗೆ ಬಂದರು. ಚೆಂಡು ಬಲೆ ಸೇರಿತು, ಇಬ್ಬರೂ ಡಿಕ್ಕಿ ಹೊಡೆದರು. ಗ್ಯಾಲರಿಯಲ್ಲಿ ನಾವು ಗೋಲಿಗೆ ಕೂಗುತ್ತಿದ್ದೆವು. ಅವನು ಏಳಲಿಲ್ಲ. ಕೂಗು ಹಾಗೇ ಗಂಟಲಲ್ಲಿ ನಿಂತಿತು.

ಡೆಂಪೊ 2-0 ಗೆದ್ದಿತು. ಎರಡೂ ಗೋಲು ಅವನದೇ. ಗೆದ್ದ ಸುದ್ದಿ ಕೇಳಲು ಅವನೇ ಇರಲಿಲ್ಲ. ಅವನ 10ನೇ ನಂಬರ್ ಜೆರ್ಸಿಯನ್ನು ಆ ಕ್ಲಬ್ ಯಾರಿಗೂ ಕೊಡುವುದಿಲ್ಲ ಎಂದು ತೆಗೆದಿಟ್ಟಿತು.

ಆಗ ಮೈದಾನದ ಅಂಚಿನಲ್ಲಿ ಶಾಕ್ ಯಂತ್ರ ಇರಬೇಕು ಎನ್ನುವ ಯೋಚನೆಯೇ ನಮ್ಮಲ್ಲಿ ಇರಲಿಲ್ಲ. ಅದಾಗಿ ಏಳು ವರ್ಷ ಕಳೆದ ಮೇಲೆ, 2012ರ ಮಾರ್ಚ್‌ನಲ್ಲಿ, ಲಂಡನ್ನಿನಲ್ಲಿ ಫುಟ್‌ಬಾಲ್ ಆಟಗಾರ ಫ್ಯಾಬ್ರಿಸ್ ಮುವಾಂಬ ಬಿದ್ದಾಗ ಅವರ ಹೃದಯ 78 ನಿಮಿಷ ತಾನಾಗಿ ಹೊಡೆದುಕೊಳ್ಳಲಿಲ್ಲ. ಪಂದ್ಯ ನೋಡಲು ಬಂದಿದ್ದ ಒಬ್ಬ ಹೃದಯ ತಜ್ಞರು ಗ್ಯಾಲರಿಯಿಂದ ಮೈದಾನಕ್ಕೆ ಇಳಿದು ಬಂದರು. ಮುವಾಂಬ ಬದುಕಿದರು. ಇದನ್ನು ಓದಿದ ದಿನ ನಾನು ಜೂನಿಯರ್‌ನನ್ನು ನೆನೆದು ಅತ್ತಿದ್ದೆ.

ಎಡಗೈ ವೇಗಿ

ಸರ್, ನೀವು ಸುಬ್ರತ ಪಾಲ್ ಹೆಸರು ಹೇಳಿದಿರಿ. ಬಿದ್ದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎದುರಿಗಿದ್ದವನ ಬಗ್ಗೆ ನಾನು ಬರೆಯಲಾ? ಎಲ್ಲಿಯೂ ಹೇಳಿಲ್ಲ ಇದನ್ನು.

ಹನ್ನೊಂದು ವರ್ಷದ ಹಿಂದೆ. ದಾವಣಗೆರೆ. ಕಾಲೇಜು ತಂಡದ ಅಭ್ಯಾಸ, ಲೆದರ್ ಬಾಲ್, ಮ್ಯಾಟಿಂಗ್ ಪಿಚ್. ನನ್ನ ರೂಮ್‌ಮೇಟ್ ಬ್ಯಾಟಿಂಗ್. ಸಂಜೆ ಆಗಿತ್ತು. ಹೆಲ್ಮೆಟ್ ಕಿಟ್ಟಿನಲ್ಲಿ ಇತ್ತು, ಇನ್ನೆರಡು ಬಾಲಿಗೆ ಯಾಕೆ ಎಂದು ಅವನು ಹಾಕಲಿಲ್ಲ. ನಾನೂ ಹಾಕಿಕೋ ಅನ್ನಲಿಲ್ಲ. ಬೌನ್ಸರ್ ಹಾಕಿದೆ. ಬೇಕೆಂದೇ ಹಾಕಿದ್ದು. ಅಭ್ಯಾಸಕ್ಕೆ ಅಂತ. ಮ್ಯಾಟಿನ ಅಂಚಿಗೆ ಬಿದ್ದು ಅಂದುಕೊಂಡದ್ದಕ್ಕಿಂತ ಬೇಗ ಎದ್ದಿತು.

ಆ ಸದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೆನ್ನೆಯ ಮೂಳೆ ಒಡೆದಿತ್ತು. ಕಣ್ಣಿನ ಕೆಳಗೆ ತಟ್ಟೆ ಹಾಕಿ ಕೂರಿಸಿದರು. ಕಣ್ಣು ಉಳಿಯಿತು. ಅವನ ಅಮ್ಮ ಆಸ್ಪತ್ರೆಗೆ ಬಂದವರು ನನ್ನ ತಲೆ ಸವರಿ "ನೀನು ಊಟ ಮಾಡಿದೆಯಾ ಮಗಾ" ಎಂದು ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವತ್ತಿನಿಂದ ನಾನು ಬಾಲ್ ಕೈಗೆ ತೆಗೆದುಕೊಂಡಿಲ್ಲ. ಓದು ಮುಗಿದ ಮೇಲೆ ಅವನ ಜೊತೆ ಮಾತೂ ಕಡಿಮೆಯಾಯಿತು. ತಪ್ಪಿಸಿಕೊಂಡವನು ನಾನೇ.

ನಿವೃತ್ತ ಪಿ.ಇ. ಮೇಷ್ಟ್ರು

ಮಗು, ನೀನು ಬರೆದದ್ದು ಎರಡು ಸಲ ಓದಿದೆ.

ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲ್ ಹ್ಯೂಸ್ ವಿಷಯ ನಿನಗೆ ಗೊತ್ತೇ ಇರುತ್ತದೆ. 2014ರ ನವೆಂಬರ್ 25, ಸಿಡ್ನಿ. 63 ರನ್ ಹೊಡೆದು ಆಡುತ್ತಿದ್ದ ಹುಡುಗ. ಬೌನ್ಸರ್ ಕುತ್ತಿಗೆಯ ಪಕ್ಕಕ್ಕೆ ಬಡಿಯಿತು. ಹೆಲ್ಮೆಟ್ ಹಾಕಿದ್ದ, ಆದರೆ ಆ ಜಾಗಕ್ಕೆ ಹೆಲ್ಮೆಟ್ ಬರುತ್ತಿರಲಿಲ್ಲ. ಮಿದುಳಿಗೆ ಹೋಗುವ ರಕ್ತನಾಳ ಹರಿಯಿತು. ಎರಡು ದಿನಕ್ಕೆ ತೀರಿಕೊಂಡ. ಆ ಬಾಲ್ ಹಾಕಿದ ಶಾನ್ ಅಬಾಟ್‌ಗೆ ಆಗ ಇನ್ನೂ 22 ವರ್ಷ. ಆ ಹುಡುಗ ಮತ್ತೆ ಬೌಲಿಂಗ್ ಮಾಡುತ್ತಾನಾ ಎಂದು ಜಗತ್ತೇ ಕಾದಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಸಿಡ್ನಿ ಮೈದಾನಕ್ಕೆ ಇಳಿದ. ಆ ಪಂದ್ಯದಲ್ಲಿ 14 ರನ್ನಿಗೆ 6 ವಿಕೆಟ್ ತೆಗೆದ. ಮುಂದೆ ವಿಚಾರಣೆ ನಡೆಯಿತು. ಯಾರ ಮೇಲೂ ತಪ್ಪು ಹೊರಿಸಲಿಲ್ಲ.

1962ರಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಬಾಲಿಗೆ ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ತಲೆಬುರುಡೆ ಒಡೆಯಿತು. ಎದುರಾಳಿ ನಾಯಕ ಫ್ರಾಂಕ್ ವೊರೆಲ್ ತಾವೇ ರಕ್ತ ಕೊಟ್ಟರು. ಕಾಂಟ್ರಾಕ್ಟರ್ ಬದುಕಿದರು, ಟೆಸ್ಟ್ ಮಾತ್ರ ಮತ್ತೆ ಆಡಲಿಲ್ಲ.

ನಾನು 31 ವರ್ಷ ಮಕ್ಕಳನ್ನು ಆಡಿಸಿದವನು. ಹೆಲ್ಮೆಟ್ ಹಾಕಿಸುವುದು ನಿನ್ನ ಕೆಲಸ ಆಗಿರಲಿಲ್ಲ. ಅಲ್ಲಿದ್ದ ದೊಡ್ಡವರ ಕೆಲಸ. ಅವನಿಗೆ ಒಂದು ಫೋನ್ ಮಾಡು.

ಶಟಲ್ ಅಕ್ಕ

ಬಾಲೇ ಬೇಕಾಗಿಲ್ಲ. ಶಟಲ್ ಕಾಕ್ ತೂಕ ಎಷ್ಟು? ಸುಮಾರು 5 ಗ್ರಾಂ. ಡಬಲ್ಸ್ ಆಡುವಾಗ ನಾನು ನೆಟ್ ಹತ್ತಿರ ಇದ್ದೆ. ಹಿಂದೆ ನನ್ನ ಜೊತೆಗಾರ್ತಿ ಸ್ಮ್ಯಾಶ್ ಮಾಡಲು ಎಗರಿದಳು. ಹೊಡೆದಳಾ ಎಂದು ಹಿಂತಿರುಗಿ ನೋಡಿದೆ. ಸೀದಾ ಬಲಗಣ್ಣಿಗೆ. ಕಾಕ್‌ನ ಬೆಂಡಿನ ಭಾಗ ಕಣ್ಣಿನ ಗುಳಿಗೆ ಅಳತೆ ಮಾಡಿದ ಹಾಗೆ ಕೂರುತ್ತದೆ. ಒಂದು ಕ್ಷಣ ಬಿಳಿ ಬೆಳಕು, ಆಮೇಲೆ ಕೆಂಪು ಪರದೆ. ಕಣ್ಣಿನ ಒಳಗೆ ರಕ್ತ ತುಂಬಿತ್ತು. ಹತ್ತು ದಿನ ತಲೆ ಎತ್ತರಕ್ಕೆ ಇಟ್ಟುಕೊಂಡು ಮಲಗಿದ್ದೆ. ಈಗಲೂ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಬೇಕು.

ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್‌ಗೆ 2012ರಲ್ಲಿ ಟಾಂಟನ್‌ನಲ್ಲಿ ವಿಕೆಟ್ ಮೇಲಿಂದ ಹಾರಿದ ಬೇಲ್ ಕಣ್ಣಿಗೆ ಬಡಿದು ಆಟವೇ ಮುಗಿದು ಹೋಯಿತು. ನಮ್ಮ ಸಬಾ ಕರೀಮ್‌ಗೂ 2000ದಲ್ಲಿ ಢಾಕಾದಲ್ಲಿ ಕುಂಬ್ಳೆ ಬೌಲಿಂಗಿಗೆ ಕೀಪಿಂಗ್ ಮಾಡುವಾಗ ಕಣ್ಣಿಗೇ ಪೆಟ್ಟು. ಡಬಲ್ಸ್ ಆಡುವವರೇ, ಜೊತೆಗಾರರ ಕಡೆ ತಿರುಗಬೇಡಿ. ಪವರ್ ಇಲ್ಲದ ಆಟದ ಕನ್ನಡಕ ಸಿಗುತ್ತದೆ. ನಾನು ಈಗ ಅದಿಲ್ಲದೆ ಕೋರ್ಟಿಗೆ ಇಳಿಯುವುದಿಲ್ಲ.

ಕುಂದಾಪುರದ ವಾಲಿಬಾಲಿಗ

ನಮ್ಮಲ್ಲಿ ಸಿಡಿಲು ಮಾರಾಯ್ರೆ. ಮೇ ತಿಂಗಳು, ಗದ್ದೆಯಲ್ಲಿ ಕೋರ್ಟ್, ಕಬ್ಬಿಣದ ಕಂಬ. ಮಳೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ದೂರದಲ್ಲಿ ಗುಡುಗು. ಕೊನೆಯ ಸೆಟ್, 22-22. ಮುಗಿಸಿಯೇ ಹೋಗುವ ಎಂದೆವು. ಸರ್ವ್ ಮಾಡಲು ಚೆಂಡು ಎತ್ತಿದೆ, ತೋಳಿನ ರೋಮ ಎಲ್ಲ ನಿಮಿರಿ ನಿಂತಿತು. ಎಣ್ಣೆ ಕಾಯಿಸಿದಾಗ ಬರುವ ತರಹ ಚರಚರ ಸದ್ದು. ಪಕ್ಕದ ತೆಂಗಿನಮರಕ್ಕೆ ಹೊಡೆಯಿತು. ನಾವು ಆರು ಜನ ನೆಲಕ್ಕೆ ಬಿದ್ದೆವು. ಎಲ್ಲರೂ ಎದ್ದೆವು. ಒಬ್ಬನಿಗೆ ಎಡಕಿವಿ ಈಗಲೂ ಮಂದ. ಮರ ಸುಟ್ಟು ಹೋಯಿತು.

ಆಮೇಲೆ ನಾವು ಒಂದು ಲೆಕ್ಕ ಕಲಿತೆವು. ಮಿಂಚು ಕಂಡು 30 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಆಟ ಬಂದ್, ಮನೆಯೊಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆಯೇ ಹೊರಗೆ. ಫೈನಲ್ ಆದರೂ ಅಷ್ಟೇ.

ಧಾರವಾಡದ ಗೆಳೆಯ

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಕರೆಂಟ್ ಹೊಡೀತದ ಅಂತ ನಮ್ಮ ಕಡೆ ಭಾಳ ಮಂದಿ ನಂಬ್ಯಾರ. ಖರೇನ ರೀ ಡಾಕ್ಟರ್?

ಮೈಸೂರಿನ ಡಾಕ್ಟರಮ್ಮ

ಇಲ್ಲ ಸರ್. ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ. ಧೈರ್ಯವಾಗಿ ಮುಟ್ಟಿ. ಉಸಿರಿಲ್ಲದಿದ್ದರೆ ಅಲ್ಲೂ ಎದೆ ಒತ್ತುವುದೇ ದಾರಿ.

ತುಮಕೂರಿನ ಕೀಪರ್

ಗಾಯ ಇಲ್ಲದ ವಿಚಿತ್ರ ಒಂದನ್ನು ಹೇಳುತ್ತೇನೆ, ಮನಸ್ಸು ಸ್ವಲ್ಪ ಹಗುರಾಗಲಿ. 2019ರ ಜನವರಿ 23, ನ್ಯೂಜಿಲೆಂಡಿನ ನೇಪಿಯರ್. ಭಾರತ ಬ್ಯಾಟಿಂಗ್ ಮಾಡುತ್ತಿದ್ದಾಗ ಬಿಸಿಲು ಜಾಸ್ತಿ ಎಂದು ಆಟ ನಿಲ್ಲಿಸಿದರು. ಪಿಚ್ ಪೂರ್ವ ಪಶ್ಚಿಮ ಇದ್ದದ್ದರಿಂದ ಮುಳುಗುವ ಸೂರ್ಯ ಬ್ಯಾಟ್ಸ್‌ಮನ್ ಕಣ್ಣಿಗೇ ಹೊಡೆಯುತ್ತಿತ್ತು. ಸಾಮಾನ್ಯವಾಗಿ ಪಿಚ್ ಉತ್ತರ ದಕ್ಷಿಣಕ್ಕೆ ಹಾಕುವುದು ಇದಕ್ಕೇ. ನಮ್ಮ ಊರ ಮೈದಾನವೂ ಪೂರ್ವ ಪಶ್ಚಿಮ. ಸಂಜೆ ಐದರ ಮೇಲೆ ಆ ತುದಿಯಿಂದ ವೇಗದ ಬೌಲಿಂಗ್ ಇಲ್ಲ ಎಂದು ನಾವೇ ನಿಯಮ ಮಾಡಿಕೊಂಡಿದ್ದೇವೆ.

ನ್ಯೂಜೆರ್ಸಿ ಕನ್ನಡಿಗ

ಒಂದು ಪ್ರಶ್ನೆ. ಇಂಥದ್ದು ಆದ ಮೇಲೆ ಆ ದಿನದ ಆಟ ಮುಂದುವರಿಸಬೇಕಾ? ಎರಿಕ್ಸನ್ ಬಿದ್ದ ರಾತ್ರಿಯೇ ಡೆನ್ಮಾರ್ಕ್ ಮತ್ತೆ ಮೈದಾನಕ್ಕೆ ಬಂತು, 0-1 ಸೋತಿತು. ಅವತ್ತೇ ರಾತ್ರಿ ಇಲ್ಲವೇ ಮರುದಿನ ಮಧ್ಯಾಹ್ನ, ಅವರ ಮುಂದಿದ್ದ ದಾರಿ ಎರಡೇ. ಕೇರ್ ಕೈಲಿ ಪೂರ್ತಿ ಆಡಲು ಆಗಲಿಲ್ಲ, ಹೊರಗೆ ಹೋದರು. ಇಲ್ಲಿ ಅಮೆರಿಕದಲ್ಲಿ 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಎದೆಗೆ ಪೆಟ್ಟು ಬಿದ್ದು ಹೃದಯ ನಿಂತಾಗ ಪಂದ್ಯವನ್ನೇ ಕೈಬಿಟ್ಟರು. ಮತ್ತೆ ಆಡಿಸಲೇ ಇಲ್ಲ. ಇದೇ ಸರಿ ಎಂದು ನನಗನಿಸುತ್ತದೆ.

ಕಂಠೀರವದ ಹಳೇ ಪ್ರೇಕ್ಷಕ

ಬಿದ್ದವರೇ ಆಡಿ ಅಂದರೆ? 2002ರಲ್ಲಿ ಆಂಟಿಗುವಾದಲ್ಲಿ ನಮ್ಮ ಕುಂಬ್ಳೆ ಒಡೆದ ದವಡೆಗೆ ಬ್ಯಾಂಡೇಜ್ ಕಟ್ಟಿಕೊಂಡು 14 ಓವರ್ ಹಾಕಿದರು, ಲಾರಾ ವಿಕೆಟ್ ತೆಗೆದರು. ಅದನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನ್ಯೂಜೆರ್ಸಿ ಕನ್ನಡಿಗ

ಕುಂಬ್ಳೆ ತಾವೇ ತೀರ್ಮಾನ ಮಾಡಿದ್ದು ಸರ್. ಅವರಿಗೆ ನಾನೂ ಕೈ ಮುಗಿಯುತ್ತೇನೆ. ಎರಿಕ್ಸನ್ ಗೆಳೆಯರಿಗೆ ಆ ರಾತ್ರಿ ತೀರ್ಮಾನ ಮಾಡುವ ಸ್ಥಿತಿಯೇ ಇರಲಿಲ್ಲ. ಆ ಹೊತ್ತಿನಲ್ಲಿ ಅವರನ್ನು ಕೇಳಬಾರದಿತ್ತು.

ಭಾನುವಾರದ ಆಟಗಾರ

ಎಲ್ಲರ ಬರಹವನ್ನೂ ಗೆಳೆಯನಿಗೆ ಓದಿ ಹೇಳಿದೆ. ಹೆಜ್ಜೇನಿನ ಕಥೆಗೆ ಅವನ ಹೆಂಡತಿ ತಲೆ ಮೇಲೆ ಕೈ ಇಟ್ಟುಕೊಂಡರು. ಆ ನರ್ಸ್ ತಾಯಿಯನ್ನು ಹುಡುಕಿ ಮಾತಾಡಿದೆವು. ಮುಂದಿನ ಭಾನುವಾರ ಆರೂವರೆಗೆ ಮೈದಾನಕ್ಕೆ ಬಂದು ನಮಗೆಲ್ಲ ಎದೆ ಒತ್ತುವುದನ್ನು ಸರಿಯಾಗಿ ಕಲಿಸುತ್ತೇನೆ ಅಂದಿದ್ದಾರೆ. ಬೆಂಗಳೂರಿನಲ್ಲಿ ಇರುವವರು ಯಾರು ಬೇಕಾದರೂ ಬರಬಹುದು. ಇಡ್ಲಿ ನಮ್ಮದು.

ಎಡಗೈ ವೇಗಿ

ಮೇಷ್ಟ್ರೇ, ಫೋನ್ ಮಾಡಿದೆ. ಎರಡು ರಿಂಗ್‌ಗೆ ಎತ್ತಿದ. ನಾನು ಆ ದಿನದ ವಿಷಯ ತೆಗೆಯುವ ಮೊದಲೇ "ನನ್ನ ಮಗಳು ಎಡಗೈಯಲ್ಲಿ ಬಾಲ್ ಹಾಕ್ತಾಳೆ ಕಣೋ, ನನಗೆ ಹೇಳಿಕೊಡೋಕೆ ಬರಲ್ಲ, ನೀನು ಯಾವಾಗ ಬರ್ತೀಯ" ಅಂದ.

ಶನಿವಾರ ದಾವಣಗೆರೆಗೆ ಹೋಗಿದ್ದೆ. ಮಗುವಿಗೆ ಎಂಟು ವರ್ಷ. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿದೆವು. ಅವಳು ನನಗೆ ಹಾಕಿದಳು, ಆಮೇಲೆ ಬ್ಯಾಟ್ ತೆಗೆದುಕೊಂಡು ಅವನು ನಿಂತ. ಟೆನಿಸ್ ಬಾಲ್. ಆದರೂ ಒಳಗೆ ಹೋಗಿ ಹೆಲ್ಮೆಟ್ ಹಾಕಿಕೊಂಡು ಬಂದ, ನನ್ನ ಮುಖ ನೋಡಿಯೇ ಇರಬೇಕು. ಆರು ಬಾಲ್ ಹಾಕಿದೆ. ಮೊದಲ ಮೂರು ಎಲ್ಲೆಲ್ಲೋ ಹೋದವು. ನಾಲ್ಕನೆಯದು ಇಟ್ಟಿಗೆಯ ಬುಡಕ್ಕೆ ಬಿತ್ತು.